ಹುಡುಗಿ ನಗು, ನಂಬರ್ ಏಳು

ಜುಲೈ 18, ಗುರುವಾರ

ನನಗೆ ಹಾಸ್ಯಪ್ರಜ್ಞೆ ಇದೆಯೆಂದು ಇಂದು ಸಂಜೆ ನಾಲ್ಕೂವರೆಗೆ ಅಧಿಕೃತವಾಗಿ ತೀರ್ಮಾನವಾಯಿತು. ಕಾಲೇಜಿನ ಕಾಮಿಡಿ ಕ್ಲಬ್ಬಿನ ಆಡಿಷನ್‌ಗೆ ಹನ್ನೊಂದು ಮಂದಿ ಫಸ್ಟ್ ಇಯರ್‌ನವರು ಹೋಗಿದ್ದೆವು. ಹತ್ತು ಹುಡುಗರು, ಒಬ್ಬಳು ನಾನು. ಆರಿಸಿಕೊಂಡದ್ದು ಇಬ್ಬರನ್ನು. ಹತ್ತು ಹುಡುಗರಲ್ಲಿ ಒಬ್ಬನನ್ನು, ಒಬ್ಬ ಹುಡುಗಿಯಲ್ಲಿ ಒಬ್ಬಳನ್ನು. ನನ್ನ ಗಣಿತ ಮೊದಲಿನಿಂದಲೂ ವೀಕ್, ಆದ್ದರಿಂದ ಈ ಲೆಕ್ಕವನ್ನು ಹೆಚ್ಚು ಕೆದಕುವುದಿಲ್ಲ.

ಮೂರು ನಿಮಿಷ ಕೊಟ್ಟಿದ್ದರು. ಐದನೇ ಕ್ಲಾಸಿನಿಂದ ಹಾಸ್ಟೆಲ್‌ನಲ್ಲೇ ಬೆಳೆದವಳು ರಜೆಗೆ ಮನೆಗೆ ಹೋದರೆ ಏನಾಗುತ್ತದೆ ಎಂಬುದು ನನ್ನ ವಿಷಯ. ಊಟಕ್ಕೆ ಕರೆದರೆ ತಟ್ಟೆ ಹಿಡಿದು ಕ್ಯೂ ಎಲ್ಲಿದೆ ಎಂದು ಹುಡುಕುತ್ತೇನೆ, ಅಮ್ಮ ಬೆಳಗ್ಗೆ ರೂಮಿನ ಬಾಗಿಲು ತೆಗೆದರೆ ಎದ್ದು ನಿಂತು 'ಪ್ರೆಸೆಂಟ್ ಮಿಸ್' ಅನ್ನುತ್ತೇನೆ, ಇತ್ಯಾದಿ. ಯಾರೂ ನಗಲಿಲ್ಲ. ಕೈ ತಗುಲಿ ಮೈಕಿನ ಸ್ಟ್ಯಾಂಡ್ ಜರ್ರನೆ ಕೆಳಗಿಳಿದು, ನಾನೂ ಅದರ ಜೊತೆ ಬಗ್ಗಿದಾಗ ಮಾತ್ರ ಎಲ್ಲರೂ ಬಿದ್ದು ಬಿದ್ದು ನಕ್ಕರು.

"ಸೂಪರ್ ಟೈಮಿಂಗ್," ಎಂದ ಕ್ಯಾಪ್ಟನ್. ಕ್ಯಾಪ್ಟನ್ ಅಂದರೆ ಕ್ಲಬ್ಬಿನ ಅಧ್ಯಕ್ಷ, ಥರ್ಡ್ ಇಯರ್. ಕ್ಲಬ್ಬಿನ ವಿಡಿಯೋ ಪೇಜಿನ ಹೆಸರು 'ಸುಮ್ನೆ ತಮಾಷೆಗೆ'. ನಲವತ್ತು ಸಾವಿರ ಜನ ಫಾಲೋ ಮಾಡುತ್ತಾರೆ. ಡಿಸೆಂಬರ್‌ನಲ್ಲಿ ದೊಡ್ಡ ಆಡಿಟೋರಿಯಂನಲ್ಲಿ ಶೋ. ಅದರಲ್ಲಿ ನನ್ನದೇ ಆದ ಐದು ನಿಮಿಷ ಸಿಕ್ಕರೆ ಸಾಕು, ಈ ಕಾಲೇಜಿನಿಂದ ಇನ್ನೇನನ್ನೂ ಕೇಳುವುದಿಲ್ಲ. ಡಿಗ್ರಿಯನ್ನು ಕೂಡ.

ಇದನ್ನೆಲ್ಲ ಕನ್ನಡದಲ್ಲಿ ಬರೆಯುವುದು ಹಳೆಯ ಅಭ್ಯಾಸ. ಸ್ಕೂಲಿನ ಹಾಸ್ಟೆಲ್‌ನಲ್ಲಿ ಇಂಗ್ಲಿಷಿನಲ್ಲಿ ಡೈರಿ ಬರೆದರೆ ಡಾರ್ಮಿಟರಿಯಲ್ಲಿದ್ದ, ಕನ್ನಡ ಓದಲು ಬಾರದ ಇಪ್ಪತ್ತೆರಡು ಜನ ಓದಿ ಮುಗಿಸುವ ತನಕ ಅದು ನನಗೆ ವಾಪಸ್ ಸಿಗುತ್ತಿರಲಿಲ್ಲ.

ಜುಲೈ 24, ಬುಧವಾರ

ಕ್ಲಬ್ಬಿನ ರೂಮು ಸೈಕಲ್ ಸ್ಟ್ಯಾಂಡಿನ ಮೇಲಿದೆ. ಮೊದಲು ಕೆಮಿಸ್ಟ್ರಿಯವರ ಸ್ಟೋರ್ ಆಗಿತ್ತಂತೆ. ಕಪಾಟಿನ ಮೇಲೆ 'ಮುಟ್ಟಬೇಡಿ, ಚರ್ಮ ಸುಡುತ್ತದೆ' ಎಂಬ ಚೀಟಿ ಇನ್ನೂ ಇದೆ. ಅದರ ಕೆಳಗೆ ಕೂತು ಪ್ರತಿ ಬುಧವಾರ 'ಪಾಸಿಂಗ್' ಮಾಡುತ್ತಾರೆ. ಅಂದರೆ ಆ ವಾರದ ಜೋಕುಗಳನ್ನೆಲ್ಲ ಗಟ್ಟಿಯಾಗಿ ಓದುವುದು. ನಗು ಬಂದದ್ದು ಪಾಸು.

ಇಂದು ಹತ್ತೊಂಬತ್ತು ಜೋಕು ಬಂದವು. ಹದಿನಾಲ್ಕು ಹುಡುಗಿಯರ ಮೇಲೆ. ಆರು ಹುಡುಗಿಯರು ಗಾಡಿ ಓಡಿಸುವ ಬಗ್ಗೆ, ಐದು ಮೇಕಪ್ ಬಗ್ಗೆ, ಎರಡು ಬಿಟ್ಟು ಹೋದವಳ ಬಗ್ಗೆ, ಒಂದು ಹೆಂಡತಿಯ ಬಗ್ಗೆ. ಹೆಂಡತಿಯ ಜೋಕು ಬರೆದವನಿಗೆ ಹತ್ತೊಂಬತ್ತು ವರ್ಷ. ಜೀವನದಲ್ಲಿ ಎಷ್ಟು ನೊಂದಿದ್ದಾನೋ ಪಾಪ.

ಒಂದೊಂದನ್ನು ಓದಿದಾಗಲೂ ರೂಮು ಅರ್ಧ ಕ್ಷಣ ಸ್ತಬ್ಧವಾಗುತ್ತದೆ. ಕ್ಲಬ್ಬಿನ ಎಂಟೂ ಹುಡುಗರು ತಿರುಗಿ ನನ್ನ ಮುಖ ನೋಡುತ್ತಾರೆ. ನಾನು ನಕ್ಕೆನೋ, ಎಲ್ಲರೂ ನಗುತ್ತಾರೆ. ಇಷ್ಟೊಂದು ಜನ ನನ್ನ ಅಭಿಪ್ರಾಯಕ್ಕೆ ಕಾದದ್ದು ಜೀವಮಾನದಲ್ಲೇ ಮೊದಲು. ಕೊನೆಯಲ್ಲಿ ಒಂದು ಹಾಳೆ ಮುಂದಿಟ್ಟರು. ಬಲಗಡೆಯ ಕಾಲಮ್ಮಿನಲ್ಲಿ 'ಮಹಿಳಾ ಸದಸ್ಯೆಯ ಒಪ್ಪಿಗೆ' ಎಂದಿತ್ತು.

"ಇದೇನು?" ಎಂದೆ.

"ಹೋದ ವರ್ಷ ಯಾವಳೋ ಒಬ್ಳು ಕಂಪ್ಲೇಂಟ್ ಕೊಟ್ಲು ಮಗಾ," ಎಂದ ಕ್ಯಾಪ್ಟನ್. "ಹುಡುಗೀರ ಬಗ್ಗೆ ಏನೇ ಹಾಕಿದ್ರೂ ಕ್ಲಬ್ಬಿನ ಒಬ್ಳು ಹುಡುಗಿ ನೋಡಿ ಸೈನ್ ಮಾಡ್ಬೇಕು ಅಂತ ಕಾಲೇಜಿಂದ ರೂಲ್ ಬಂತು. ಹಿಂದೆ ಇದ್ದವಳು ಫೈನಲ್ ಇಯರ್ ಮುಗಿಸಿ ಹೋದ್ಲು. ನೀನು ಬರದೆ ಇದ್ದಿದ್ರೆ ಪೇಜೇ ಮುಚ್ಚಬೇಕಿತ್ತು ಗೊತ್ತಾ?"

ಅಂದರೆ ನಾನೆಷ್ಟು ಮುಖ್ಯ ನೋಡಿ! ಹದಿನಾಲ್ಕಕ್ಕೆ ಹದಿನಾಲ್ಕು ಸೈನ್ ಮಾಡಿದೆ. ವಿಡಿಯೋ ಎಡಿಟ್ ಮಾಡುವ ಹುಡುಗ, ಎಲ್ಲರೂ ಅವನನ್ನು ಕತ್ತರಿ ಎನ್ನುತ್ತಾರೆ, ನನಗೆ ಆಗಲೇ ಒಂದು ಹೆಸರಿಟ್ಟ: ಓಕೆ ಮೇಡಂ. ಮಗಾ ಅನ್ನಿಸಿಕೊಂಡೆ, ಅಡ್ಡಹೆಸರೂ ಸಿಕ್ಕಿತು. ಒಂದೇ ದಿನದಲ್ಲಿ ಡಬಲ್ ಪ್ರಮೋಷನ್.

ನಗು ಬಂತಾ ಎಂದು ಕೇಳಿದರೆ ಏನು ಹೇಳಲಿ. ನಗು ಬರುವ ತನಕ ಕಾಯುವುದು ಮನೆಯಲ್ಲಿ ಬೆಳೆದವರ ಐಷಾರಾಮ. ಆರನೇ ಕ್ಲಾಸಿನಲ್ಲೇ ನಾನು ಕಲಿತದ್ದು ಇಷ್ಟು: ಡಾರ್ಮಿಟರಿಯ ದೊಡ್ಡ ಹುಡುಗಿ ಯಾರನ್ನಾದರೂ ಆಡಿಕೊಳ್ಳಲು ಬಾಯಿ ತೆರೆದರೆ ಎಲ್ಲರಿಗಿಂತ ಅರ್ಧ ಸೆಕೆಂಡ್ ಮೊದಲು ನಕ್ಕುಬಿಡಬೇಕು. ಮೊದಲು ನಕ್ಕವಳ ಸರದಿ ಕೊನೆಗೆ ಬರುತ್ತದೆ.

ಜುಲೈ 29, ಸೋಮವಾರ

ರೂಮಿಯ ಬಗ್ಗೆ ಬರೆದೇ ಇಲ್ಲ. ರೂಮಿ ಅಂದರೆ ರೂಮ್‌ಮೇಟ್, ನನ್ನದೇ ಕ್ಲಾಸು. ಕ್ಲಾಸಿನಲ್ಲಿ ಅವಳ ಹೆಸರು 'ಡೌಟ್'. ಲೆಕ್ಚರರ್ "ಎನಿ ಡೌಟ್ಸ್?" ಎಂದು ಕೇಳುವುದು ಕೇಳಬಾರದೆಂಬ ಸೂಚನೆ ಎಂದು ಅರವತ್ತು ಜನಕ್ಕೂ ಗೊತ್ತು. ಇವಳೊಬ್ಬಳಿಗೆ ಗೊತ್ತಿಲ್ಲ. ಕೈ ಎತ್ತುತ್ತಾಳೆ. ಹಿಂದಿನ ಬೆಂಚಿನಿಂದ "ಬಂತಪ್ಪಾ ಡೌಟು" ಎಂದು ರಾಗ ಏಳುತ್ತದೆ. ಅವಳು ರಾಗ ಮುಗಿಯುವ ತನಕ ಕಾದು, ಮತ್ತೆ ಮೊದಲಿಂದ ಕೇಳುತ್ತಾಳೆ.

ಅವಳ ಡೌಟುಗಳಲ್ಲಿ ಮುಕ್ಕಾಲು ಪಾಲು ನನ್ನವೂ ಹೌದು ಎಂಬುದು ಅವಳಿಗೆ ಗೊತ್ತಿಲ್ಲ. ಅವಳು ಕೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ಕೈ ಎತ್ತುವ ಯೋಚನೆಗೇ ನನ್ನ ಅಂಗೈ ಬೆವರುತ್ತದೆ.

ಇಂದು ಅವಳು ಕೇಳಿದಳು: "ನಿಮ್ಮ ಕ್ಲಬ್ಬಲ್ಲಿ ನೀನು ಏನು ಮಾಡ್ತೀಯ?"

"ರಿವ್ಯೂ."

"ಅಂದ್ರೆ?"

"ಬೇಸಿಕಲಿ, ಕ್ವಾಲಿಟಿ ನೋಡೋದು."

"ಆ ಪೇಜಿಗೆ ಕ್ವಾಲಿಟಿ ನೋಡೋರು ಬೇರೆ ಇದಾರಾ?" ಎಂದು ಕಣ್ಣರಳಿಸಿದಳು. ಅವಳದು ತಮಾಷೆಯೋ ಡೌಟೋ ಎಂದು ತಿಳಿಯುವುದೇ ಇಲ್ಲ.

ಆಗಸ್ಟ್ 3, ಶನಿವಾರ

ಅಮ್ಮನಿಗೆ ಫೋನ್ ಮಾಡಿದೆ. ಅಮ್ಮ ಹಲ್ಲಿನ ಡಾಕ್ಟರ ಹತ್ತಿರ ಅಸಿಸ್ಟೆಂಟ್. ಡಾಕ್ಟರು ಹಲ್ಲು ಕೊರೆಯುವಾಗ ಪೇಷಂಟಿನ ಬಾಯಿಂದ ನೀರು ಎಳೆಯುವ ಪೈಪು ಹಿಡಿದು ನಿಲ್ಲುವುದು ಅಮ್ಮನ ಕೆಲಸ. ಹದಿನಾರು ವರ್ಷದಿಂದ.

ಕ್ಲಬ್ಬಿನ ವಿಷಯ ಹೇಳಿದೆ. ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ.

"ನಮ್ಮ ಡಾಕ್ಟ್ರದ್ದೂ ಅದೇ ಕಣೇ. ಹೆಂಗಸರು ಬಂದು ಕುರ್ಚೀಲಿ ಮಲಗಿ, ಬಾಯಿಗೆ ಹತ್ತಿ ಇಟ್ಟ ಕೂಡ್ಲೇ ಹೇಳ್ತಾರೆ, 'ನಿಮ್ಮೋರ ಬಾಯಿ ತೆಗೆಸೋದು ಸುಲಭ, ಮುಚ್ಚಿಸೋದೇ ಕಷ್ಟ' ಅಂತ. ಹದಿನಾರು ವರ್ಷದಿಂದ ಅದೊಂದೇ ಜೋಕು."

"ನೀನು ನಗ್ತೀಯಾ?"

"ಮತ್ತೆ? ಪೇಷಂಟು ಬಾಯ್ತುಂಬ ಹತ್ತಿ ಇಟ್ಕೊಂಡು ಮಲಗಿರ್ತಾರೆ. ಅವರು ಹೇಗೆ ನಗ್ತಾರೆ? ಯಾರಾದ್ರೂ ಒಬ್ರು ನಗ್ಲೇಬೇಕಲ್ಲ."

"ಕಷ್ಟ ಆಗಲ್ವಾ ಅಮ್ಮಾ?"

"ಮಾಸ್ಕ್ ಇರುತ್ತಲ್ಲ ಪುಟ್ಟಿ. ಕಣ್ಣು ಸ್ವಲ್ಪ ಚಿಕ್ಕದು ಮಾಡಿದ್ರೆ ಆಯ್ತು."

ನಮ್ಮದು ಮನೆತನದ ಕಸುಬು ಎಂದು ಇಂದು ತಿಳಿಯಿತು. ಮಾಸ್ಕ್ ಇಲ್ಲದೆ ಮಾಡುತ್ತಿರುವ ಮೊದಲ ತಲೆಮಾರು ನಾನು. ಪ್ರಗತಿ.

ಆಗಸ್ಟ್ 14, ಬುಧವಾರ

ಮುಂದಿನ ವಾರದಿಂದ ಇಂಟರ್ನಲ್ಸ್. ಎರಡು ಬುಧವಾರ ಪಾಸಿಂಗ್‌ಗೆ ಬರಲಾಗುವುದಿಲ್ಲ ಎಂದೆ. ಕೆಲಸ ಬಿಟ್ಟು ಹೋಗುತ್ತಿದ್ದೇನೇನೋ ಎಂಬಂತೆ ಎಲ್ಲರೂ ಗಾಬರಿಯಾದರು. ಇಷ್ಟು ಬೇಕಾದವಳಾಗಿ ನಾನು ಎಲ್ಲಿಯೂ ಇರಲಿಲ್ಲ.

"ಒಂದು ಕೆಲ್ಸ ಮಾಡು ಓಕೆ ಮೇಡಂ," ಎಂದ ಕತ್ತರಿ, "ಖಾಲಿ ಹಾಳೆಗೆ ಸೈನ್ ಹಾಕಿಟ್ಟು ಹೋಗು. ಜೋಕು ನಾವು ಆಮೇಲೆ ತುಂಬ್ಕೋತೀವಿ."

ನಾಲ್ಕು ಖಾಲಿ ಹಾಳೆಗಳ ಬಲಗಡೆಯ ಕಾಲಮ್ಮಿಗೆ ಮೇಲಿಂದ ಕೆಳಗೆ ಸೈನ್ ಮಾಡಿದೆ. ಅಲ್ಲಿಗೆ ಮುಗಿಯಲಿಲ್ಲ. ವಿಡಿಯೋಗಳಲ್ಲಿ ನಗುವಿನ ಶಬ್ದ ಬರೀ ಗಂಡುದನಿಯಾಗಿ ಕೇಳುತ್ತದೆ, ಯಾರೋ ಕಾಮೆಂಟಿನಲ್ಲಿ 'ಹುಡುಗೀರ್ ಯಾರೂ ನಗ್ತಿಲ್ವಲ್ಲ ಗುರು' ಎಂದು ಬರೆದಿದ್ದರಂತೆ. ಅದಕ್ಕೆ ಕತ್ತರಿ ನನ್ನನ್ನು ಕಪಾಟಿನ ಪಕ್ಕದ ಮೂಲೆಯಲ್ಲಿ ನಿಲ್ಲಿಸಿ, ಪ್ರತಿಧ್ವನಿ ಬಾರದಿರಲೆಂದು ತಲೆಯ ಮೇಲೊಂದು ಕಂಬಳಿ ಹೊದಿಸಿ, ಒಳಗೆ ಫೋನ್ ತೂರಿಸಿದ.

"ನಗು."

"ಯಾವುದಕ್ಕೆ?"

"ಯಾವುದಕ್ಕೂ ಅಲ್ಲ. ಸುಮ್ನೆ ನಗು. ಮೊದ್ಲು ಚಿಕ್ಕದು. ಆಮೇಲೆ ಮೀಡಿಯಂ."

ಕಂಬಳಿಯೊಳಗೆ ಕತ್ತಲು, ಒದ್ದೆ ಉಣ್ಣೆಯ ವಾಸನೆ. ಒಟ್ಟು ಏಳು ನಗು ಕೊಟ್ಟೆ. ಚಿಕ್ಕದು ಎರಡು, ಮೀಡಿಯಂ ಎರಡು, ದೊಡ್ಡದು ಎರಡು. ನಂಬರ್ ಏಳಕ್ಕೆ ಅವನು ತುಂಬ ಹೊತ್ತು ತೆಗೆದುಕೊಂಡ.

"ಇದು ಇಂಪಾರ್ಟೆಂಟು. ಜೋಕು ಸ್ವಲ್ಪ ಜಾಸ್ತಿ ಆಯ್ತು ಅಂತ ನಿನಗೆ ಗೊತ್ತು, ಆದ್ರೂ ನಗು ತಡೆಯಕ್ಕಾಗ್ತಿಲ್ಲ. 'ಛೀ ಹೋಗೋ' ಅಂತೀಯಲ್ಲ, ಆ ಥರ."

"ಛೀ... ಹೋಗೋ..." ಎಂದು ನಕ್ಕೆ. ಕೊನೆಗೆ ಉಸಿರು ಒಳಗೆ ಎಳೆದುಕೊಂಡಾಗ ಗಂಟಲಲ್ಲಿ ಒಂದು ಕೊಕ್ ಎಂಬ ಶಬ್ದವೂ ಬಂತು.

"ಆಹಾ! ಚಿನ್ನ!" ಎಂದು ಕೂಗಿದ. "ಇದೊಂದಿದ್ರೆ ಯಾವ ಜೋಕು ಬೇಕಾದ್ರೂ ಹಾಕ್ಬೋದು."

ಫೈಲಿಗೆ 'ಹುಡುಗಿ ನಗು 7' ಎಂದು ಹೆಸರು ಕೊಟ್ಟ. ನನ್ನ ಹೆಸರಲ್ಲಿ ಮೊದಲ ಕಲಾಕೃತಿ. ಹೆಸರು ಒಂದು ಬಿಟ್ಟು.

ಆಗಸ್ಟ್ 20, ಮಂಗಳವಾರ

ಇಂಟರ್ನಲ್ಸ್ ನಡುವೆಯೇ ವರ್ಕ್‌ಶಾಪ್ ಕ್ಲಾಸು. ಖಾಕಿ ಏಪ್ರನ್, ಕೂದಲೆಲ್ಲ ಟೋಪಿಯೊಳಗೆ. ಲೇತ್ ಮೆಷಿನ್ನಿನ ತಿರುಗುವ ಭಾಗಕ್ಕೆ ಒಂದು ಗಾರ್ಡ್ ಇರಬೇಕು, ಅದನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ರೂಮಿ ಕೈ ಎತ್ತಿದಳು.

"ಸರ್, ಗಾರ್ಡ್ ಯಾಕೆ ಹಾಕಿಲ್ಲ?"

"ಅದು ಕೆಲಸಕ್ಕೆ ಅಡ್ಡ ಬರುತ್ತಮ್ಮಾ."

"ಅಡ್ಡ ಬರೋಕೇ ಅಲ್ವಾ ಸರ್ ಅದನ್ನ ಮಾಡಿರೋದು?"

ಕ್ಲಾಸು ಘೊಳ್ಳೆಂದಿತು. ನಾನೂ ನಕ್ಕೆ, ಅವಳ ಮಾತು ನಿಜಕ್ಕೂ ಚೆನ್ನಾಗಿತ್ತು. ವರ್ಕ್‌ಶಾಪಿನ ಸರ್ ಮುಖ ಕೆಂಪಗಾಯಿತು. ಆದರೂ ಗೊಣಗುತ್ತ ಹೋಗಿ ಗಾರ್ಡ್ ತಂದು ಸಿಕ್ಕಿಸಿದರು. ಹಿಂದೆ ಯಾರೋ ಫೋನ್ ಎತ್ತಿ ಹಿಡಿದಿದ್ದರು. ಯಾರು ಎಂದು ನೋಡಲಿಲ್ಲ. ಎಲ್ಲರೂ ಎಲ್ಲವನ್ನೂ ಶೂಟ್ ಮಾಡುತ್ತಾರೆ.

ಆಗಸ್ಟ್ 28, ಬುಧವಾರ

ಇಂಟರ್ನಲ್ಸ್ ಮುಗಿಯಿತು, ಕೊನೆಯದು ವರ್ಕ್‌ಶಾಪಿನದು. ಮಧ್ಯಾಹ್ನ ಹಾಸ್ಟೆಲಿಗೆ ಬಂದಾಗ ರೂಮಿ ಏಪ್ರನ್ ಕೂಡ ಬಿಚ್ಚದೆ ಮಂಚದ ತುದಿಯಲ್ಲಿ ಕೂತಿದ್ದಳು. ಕೈಯಲ್ಲಿ ಫೋನ್.

ವಿಡಿಯೋ ಐವತ್ತೆರಡು ಸೆಕೆಂಡಿನದು. ಅವಳು ಕೈ ಎತ್ತುತ್ತಾಳೆ. ಅವಳ ದನಿ ತೆಗೆದು ಒಂದು ಕೀರಲು ದನಿ ಹಾಕಿದ್ದಾರೆ: "ರೀ, ಎಲ್ಲಿಗ್ ಹೋಗಿದ್ರಿ? ರೀ, ಯಾಕ್ ಲೇಟು?" ಆಮೇಲೆ ಅವಳ ಮುಖ ನಿಧಾನವಾಗಿ ಹತ್ತಿರ ಹತ್ತಿರ ಬಂದು ಮೇಲ್ದುಟಿಯ ಮೇಲಿನ ನವಿರು ಕೂದಲಿನ ಹತ್ತಿರ ನಿಲ್ಲುತ್ತದೆ. ಅದರ ಸುತ್ತ ಕೆಂಪು ಗೆರೆ. ಕ್ಯಾಪ್ಟನ್ನಿನ ದನಿ: "ಮೆಷಿನ್ನಿಗೆ ಗಾರ್ಡ್ ಬೇಕಂತೆ. ಇವಳನ್ನ ಕಟ್ಕೊಳ್ಳೋನಿಗೆ ಏನ್ ಬೇಕು ಹೇಳಿ? ಅಥವಾ ಇವಳೇ ಗಂಡಾ?" ಆಮೇಲೆ ನಗು. ಗಂಡುನಗುಗಳ ಮೇಲೆ ತೇಲಿಕೊಂಡು, ತೀರಾ ಸ್ಪಷ್ಟವಾಗಿ, ಒಂದು ಹೆಣ್ಣುನಗು. ಛೀ ಹೋಗೋ.

ಅವಳು ಇನ್ನೊಮ್ಮೆ ಹಾಕಿದಳು. ಮತ್ತೊಮ್ಮೆ. ಮೂರೂ ಸಲ ನಗು ಬರುವಲ್ಲಿ ನನ್ನ ಮುಖ ನೋಡಿದಳು.

"ಕೊನೇಲಿ ಕೊಕ್ ಅನ್ನುತ್ತಲ್ಲ," ಎಂದಳು, "ಹಲ್ಲುಜ್ಜುವಾಗ ಫೋನ್ ನೋಡ್ಕೊಂಡು ನಗ್ತೀಯಲ್ಲ, ಆಗಲೂ ಹಾಗೇ ಬರುತ್ತೆ. ಗೋಡೆ ಆಚೆಯಿಂದಾನೂ ಗೊತ್ತಾಗುತ್ತೆ ನಂಗೆ."

"ಅದು ಈ ವಿಡಿಯೋಗೆ ನಕ್ಕಿದ್ದಲ್ಲ ಕಣೇ."

"ಮತ್ತೆ ಯಾವುದಕ್ಕೆ ನಕ್ಕಿದ್ದು?"

ಯಾವುದಕ್ಕೂ ಅಲ್ಲ ಎಂಬುದು ಸರಿಯಾದ ಉತ್ತರ. ಹೇಳಲು ಬಾಯಿ ತೆರೆದೆ. ಎಷ್ಟು ಅಸಹ್ಯವಾದ ಉತ್ತರ ಎಂದು ಆಗ ಗೊತ್ತಾಯಿತು.

ಆಗಸ್ಟ್ 29, ಗುರುವಾರ

ಕಾಮೆಂಟು ಸಾವಿರದ ಇನ್ನೂರು. ಶೇವಿಂಗ್ ಕ್ರೀಮಿನ ಬಗ್ಗೆ ನಾನೂರಾದರೂ ಇವೆ. ಒಬ್ಬ ಮಹಾಶಯ ಬರೆದಿದ್ದಾನೆ: 'ಹುಡುಗೀನೇ ನಗ್ತಿದಾಳೆ, ನಿಮಗೇನ್ರೋ ಉರಿ?' ಏಳುನೂರು ಲೈಕ್.

ಸೆಪ್ಟೆಂಬರ್ 2, ಸೋಮವಾರ

ಇಂದು ಲೆಕ್ಚರರ್ "ಎನಿ ಡೌಟ್ಸ್?" ಎಂದರು. ಅರವತ್ತು ಜನವೂ ರೂಮಿಯ ಕಡೆ ತಿರುಗಿದರು. ಅವಳು ಪುಸ್ತಕದಿಂದ ತಲೆ ಎತ್ತಲಿಲ್ಲ. ಮೇಲ್ದುಟಿಯ ಮೇಲೆ ಕೆಂಪಗೆ ಸುಟ್ಟಂತೆ ಒಂದು ಗಾಯ. ಭಾನುವಾರ ಅಂಗಡಿಯಿಂದ ಕೂದಲು ತೆಗೆಯುವ ಯಾವುದೋ ಕ್ರೀಮ್ ತಂದು ಹಚ್ಚಿಕೊಂಡಿದ್ದಳು.

"ಗುಡ್. ಎಲ್ಲಾ ಅರ್ಥ ಆಗಿದೆ ಅಂತಾಯ್ತು," ಎಂದು ಲೆಕ್ಚರರ್ ಬೋರ್ಡ್ ಒರೆಸಿದರು. ನನಗೆ ಒಂದಕ್ಷರ ಅರ್ಥವಾಗಿರಲಿಲ್ಲ.

ಅವಳು ಕಂಪ್ಲೇಂಟ್ ಕೊಟ್ಟಿದ್ದಾಳೆ. ನನಗೆ ಹೇಳಲಿಲ್ಲ, ಹಾಸ್ಟೆಲಿನ ನೋಟೀಸ್ ಬೋರ್ಡಿನಲ್ಲಿ ನೋಡಿ ತಿಳಿದೆ. ಶುಕ್ರವಾರ ಹನ್ನೊಂದಕ್ಕೆ ವಿಚಾರಣೆ. ಕರೆದವರ ಪಟ್ಟಿಯಲ್ಲಿ ಕ್ಯಾಪ್ಟನ್, ಕತ್ತರಿ, ಮತ್ತು 'ಮಹಿಳಾ ಸದಸ್ಯೆ'.

ನಾವಿಬ್ಬರೂ ಈಗ ಮಾತಾಡುವುದು ಎರಡೇ ಮಾತು. "ಲೈಟ್ ಆರಿಸ್ಲಾ?" "ಹೂಂ."

ಸೆಪ್ಟೆಂಬರ್ 4, ಬುಧವಾರ

ಪಾಸಿಂಗ್ ಇರಲಿಲ್ಲ. ಕ್ಯಾಪ್ಟನ್ ಸೈಕಲ್ ಸ್ಟ್ಯಾಂಡಿನ ಹತ್ತಿರ ಕಾಯುತ್ತಿದ್ದ.

"ನನಗೆ ತೋರಿಸ್ದೇನೇ ಹಾಕಿದ್ರಲ್ಲ," ಎಂದೆ. ಜಗಳದ ದನಿಯಲ್ಲಿ ಹೇಳಬೇಕೆಂದಿದ್ದೆ, ಹೊರಬಂದದ್ದು ಸಾರಿ ಕೇಳುವ ದನಿ.

"ತೋರಿಸೋದೇನು ಮಗಾ, ನೀನೇ ಸೈನ್ ಮಾಡಿದ್ದೀಯಲ್ಲ." ಹಾಳೆ ತೆಗೆದು ತೋರಿಸಿದ. ನಾಲ್ಕನೇ ಸಾಲು, 'ವರ್ಕ್‌ಶಾಪ್ ಡೌಟ್'. ಎದುರಿಗೆ ನನ್ನ ದುಂಡನೆಯ ಸೈನ್. "ನೋಡು, ಸಿಂಪಲ್. ಶುಕ್ರವಾರ ಬಂದು 'ನೋಡಿದೆ, ತಮಾಷೆ ಅನ್ನಿಸ್ತು, ಓಕೆ ಮಾಡ್ದೆ' ಅಂದ್ಬಿಡು. ಒಬ್ಳು ಹುಡುಗಿಗೆ ತಮಾಷೆ ಅನ್ನಿಸಿದೆ ಅಂದ್ಮೇಲೆ ಅವರಾದ್ರೂ ಏನ್ ಮಾಡ್ತಾರೆ? ಮುಗೀತು."

"ಇಲ್ಲಾಂದ್ರೆ?"

"ಇಲ್ಲಾಂದ್ರೆ ಖಾಲಿ ಹಾಳೆಗೆ ಸೈನ್ ಮಾಡಿದ್ದು ನಿನ್ನ ತಪ್ಪು. ಪೇಜು ಹೋಗುತ್ತೆ, ಎಂಟು ಜನರ ಮೂರು ವರ್ಷದ ಕಷ್ಟ ಹೋಗುತ್ತೆ. ಸುಮ್ನೆ ಯಾಕೆ?" ಆಮೇಲೆ, ಏನೋ ಆಗತಾನೇ ನೆನಪಾದವನಂತೆ, "ಅಂದ ಹಾಗೆ ಡಿಸೆಂಬರ್ ಶೋ ಲಿಸ್ಟ್ ಮಾಡ್ತಿದೀನಿ. ನಿಂಗೆ ಎಷ್ಟು ಬೇಕು, ಐದು ನಿಮಿಷ ಸಾಕಾ? ಏಳು ಕೊಡ್ಲಾ?"

ಏಳು ನಿಮಿಷ. ದೊಡ್ಡ ಆಡಿಟೋರಿಯಂ. ನನ್ನ ಎದೆ ಡಬಡಬ ಹೊಡೆದುಕೊಂಡಿತು, ಸಂತೋಷಕ್ಕೇ ಹೊಡೆದುಕೊಂಡಿತು, ಸುಳ್ಳು ಯಾಕೆ ಬರೆಯಲಿ. ಹಾಸ್ಟೆಲಿಗೆ ವಾಪಸ್ ಬಂದು ಏಳು ನಿಮಿಷದಲ್ಲಿ ಏನೇನು ಹೇಳಬಹುದೆಂದು ಪಟ್ಟಿ ಮಾಡಲೂ ಕೂತೆ. ರೂಮಿ ಎದುರಿನ ಮಂಚದ ಮೇಲೆ ತುಟಿಗೆ ಒದ್ದೆ ಕರವಸ್ತ್ರ ಒತ್ತಿ ಹಿಡಿದು ಓದುತ್ತಿದ್ದಳು. ಪಟ್ಟಿ ಎರಡನೇ ಸಾಲಿಗೆ ನಿಂತಿತು. ನಾಳೆ ಮುಂದುವರಿಸಬೇಕು.

ಸೆಪ್ಟೆಂಬರ್ 6, ಶುಕ್ರವಾರ

ನಾನು ಮೂರ್ಖಳು. ಇದು ಮೊದಲು ದಾಖಲಾಗಲಿ.

ವೈಸ್ ಪ್ರಿನ್ಸಿಪಾಲ್ ಸಾಹೇಬರ ಚೇಂಬರು. ಉದ್ದನೆಯ ಮೇಜು. ಆಚೆ ಕಡೆ ವೈಸ್ ಪ್ರಿನ್ಸಿಪಾಲ್, ವಿದ್ಯಾರ್ಥಿ ಕಲ್ಯಾಣದ ಮೇಡಂ, ಬರೆದುಕೊಳ್ಳಲು ಒಬ್ಬ ಲೆಕ್ಚರರ್. ಈಚೆ ಕಡೆ ಒಂದು ತುದಿಗೆ ರೂಮಿ, ಇನ್ನೊಂದು ತುದಿಗೆ ಕ್ಯಾಪ್ಟನ್ ಮತ್ತು ಕತ್ತರಿ. ನಡುವೆ ನಾನು. ಲ್ಯಾಪ್‌ಟಾಪಿನಲ್ಲಿ ವಿಡಿಯೋ ಹಾಕಿದರು. ರೂಮಿ ಐವತ್ತೆರಡು ಸೆಕೆಂಡೂ ಮೇಜಿನ ಮರದ ಗೆರೆಗಳನ್ನು ನೋಡುತ್ತಿದ್ದಳು. 'ಕಟ್ಕೊಳ್ಳೋನಿಗೆ ಏನ್ ಬೇಕು' ಬಂದಾಗ ವೈಸ್ ಪ್ರಿನ್ಸಿಪಾಲರಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು. ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಕೆಮ್ಮುವಾಗ ಅವರ ಕಣ್ಣು ಚಿಕ್ಕದಾಗಿತ್ತು.

ಮೇಡಂ ಹಾಳೆಯನ್ನು ನನ್ನತ್ತ ತಳ್ಳಿದರು. "ಈ ಸೈನ್ ನಿಮ್ಮದೇನಾ?"

"ಹೌದು ಮೇಡಂ."

"ವಿಡಿಯೋದಲ್ಲಿರೋ ನಗು?"

"ಅದೂ ನಂದೇ."

"ಅಂದ್ರೆ ವಿಡಿಯೋ ನೋಡಿ, ನಗು ಬಂದು, ಒಪ್ಪಿ ಸೈನ್ ಮಾಡಿದ್ದೀರಿ."

ಕ್ಯಾಪ್ಟನ್ ನನ್ನತ್ತ ಹುಬ್ಬು ಹಾರಿಸಿದ. ನಾನು ಬೆಳಗ್ಗೆ ಬಾತ್‌ರೂಮಿನಲ್ಲಿ ಎರಡು ಉತ್ತರ ಪ್ರಾಕ್ಟೀಸ್ ಮಾಡಿದ್ದೆ. ಒಂದು ಕ್ಯಾಪ್ಟನ್ ಹೇಳಿಕೊಟ್ಟದ್ದು. ಇನ್ನೊಂದು ನನ್ನದು, ಖಾಲಿ ಹಾಳೆಯ ಕಥೆ. ಯಾವುದನ್ನು ಹೇಳುತ್ತೇನೆಂದು ಬಾಯಿ ತೆರೆಯುವ ತನಕ ನನಗೇ ಗೊತ್ತಿರಲಿಲ್ಲ.

"ಇಲ್ಲ ಮೇಡಂ. ಸೈನ್ ಮಾಡಿದಾಗ ಹಾಳೆ ಖಾಲಿ ಇತ್ತು. ನಗು ಎರಡು ವಾರ ಮುಂಚೆ ರೆಕಾರ್ಡ್ ಮಾಡಿದ್ದು. ಈ ವಿಡಿಯೋ ಹಾಕೋ ಮುಂಚೆ ನನಗೆ ತೋರಿಸ್ಲೇ ಇಲ್ಲ."

ಕತ್ತರಿ ಕುರ್ಚಿಯಲ್ಲಿ ಕುಸಿದ. ಕ್ಯಾಪ್ಟನ್ ಛಾವಣಿ ನೋಡಿದ. ಡಿಸೆಂಬರಿನ ಏಳು ನಿಮಿಷ ಕಿಟಕಿಯಿಂದ ಹಾರಿ ಹೋಯಿತು. ಲೆಕ್ಚರರ್ ಚಕಚಕನೆ ಬರೆದುಕೊಂಡರು.

"ಹಾಗಾದ್ರೆ ಈ ಹುಡುಗಿದೇನೂ ತಪ್ಪಿಲ್ಲ ಬಿಡಿ, ಪಾಪ," ಎಂದರು ವೈಸ್ ಪ್ರಿನ್ಸಿಪಾಲ್.

ಅಲ್ಲಿಗೆ ಮುಗಿದಿತ್ತು! ಪಾಪದವಳೆಂದು ಸರ್ಟಿಫಿಕೇಟ್ ಸಿಕ್ಕಿತ್ತು! ಬುದ್ಧಿ ಇದ್ದವರು ಥ್ಯಾಂಕ್ ಯೂ ಸರ್ ಎಂದು ಎದ್ದು ಬರುತ್ತಾರೆ. ಅಷ್ಟರಲ್ಲಿ ರೂಮಿ ಮೇಜಿನ ಗೆರೆ ಬಿಟ್ಟು ಮೊದಲ ಬಾರಿಗೆ ತಲೆ ಎತ್ತಿ ನನ್ನನ್ನು ನೋಡಿದಳು. ಸಿಟ್ಟಿನಿಂದಲ್ಲ. ಕ್ಲಾಸಿನಲ್ಲಿ ಕೈ ಎತ್ತುವ ಮೊದಲು ಬೋರ್ಡನ್ನು ನೋಡುತ್ತಾಳಲ್ಲ, ಹಾಗೆ.

"ತೋರಿಸಿದ್ರೂ ನಗ್ತಿದ್ದೆ ಸರ್," ಎಂದೆ.

"ಏನಮ್ಮಾ?"

"ಆ ಬುಧವಾರ ನಾನು ಹೋಗಿದ್ರೆ, ಇದನ್ನ ತೋರಿಸಿದ್ರೆ, ಎಲ್ರೂ ತಿರುಗಿ ನನ್ನ ಮುಖ ನೋಡ್ತಿದ್ರು. ನಾನು ನಗ್ತಿದ್ದೆ. ನನ್ನ ರೂಮ್‌ಮೇಟು ಅಂತ ಗೊತ್ತಿದ್ರೂ ನಗ್ತಿದ್ದೆ. ಆಮೇಲೆ ಸೈನೂ ಮಾಡ್ತಿದ್ದೆ. ಹಿಂದಿನ ಎಲ್ಲಾದಕ್ಕೂ ಹಾಗೇ ಮಾಡಿದ್ದು."



ಲೆಕ್ಚರರ್ ಪೆನ್ನು ಮೇಲೆತ್ತಿ ಮೇಡಂ ಕಡೆ ನೋಡಿದರು. "ಇದನ್ನ ಹೇಗೆ ಬರೆಯೋದು ಮೇಡಂ? ಇದು ತಪ್ಪೊಪ್ಪಿಗೆನಾ, ದೂರಾ?"

ನನ್ನ ಅಂಗೈ ಎಷ್ಟು ಬೆವರಿತ್ತೆಂದರೆ ಹಾಳೆಯಲ್ಲಿ ಸೈನಿನ ಕಾಲಮ್ಮು ಒದ್ದೆಯಾಯಿತು. ಯಾಕೆ ಹೇಳಿದೆನೋ. ಟೆನ್ಷನ್ನಿನಲ್ಲಿ ಬ್ರೇನ್ ಕೈಕೊಟ್ಟಿರಬೇಕು.

ಸೆಪ್ಟೆಂಬರ್ 10, ಮಂಗಳವಾರ

ತೀರ್ಪು ನೋಟೀಸ್ ಬೋರ್ಡಿಗೆ ಬಂದಿದೆ. ವಿಡಿಯೋ ತೆಗೆಯಬೇಕು; ತೆಗೆದರು. ಅಷ್ಟರಲ್ಲಿ ತೊಂಬತ್ತು ಸಾವಿರ ಜನ ನೋಡಿಯಾಗಿದೆ, ಬೇರೆ ಆರು ಪೇಜುಗಳು ಎತ್ತಿ ಹಾಕಿಕೊಂಡಿವೆ. ಕ್ಯಾಪ್ಟನ್ ಮತ್ತು ಕತ್ತರಿಗೆ 'ಮುಂದೆ ಎಚ್ಚರ ವಹಿಸತಕ್ಕದ್ದು' ಎಂಬ ಕಠೋರ ಶಿಕ್ಷೆ. ಕರ್ತವ್ಯದಲ್ಲಿ ಬೇಜವಾಬ್ದಾರಿ ತೋರಿದ ಮಹಿಳಾ ಸದಸ್ಯೆಯನ್ನು ಕ್ಲಬ್ಬಿನಿಂದ ತೆಗೆದುಹಾಕಲಾಗಿದೆ. ಇನ್ನು ಮುಂದೆ ಇಂಥದ್ದು ಮರುಕಳಿಸದಂತೆ ಒಬ್ಬರ ಬದಲು ಇಬ್ಬರು ಮಹಿಳಾ ಸದಸ್ಯೆಯರ ಸೈನ್ ಕಡ್ಡಾಯ.

ನ್ಯಾಯ ಎಂದರೆ ಇದಪ್ಪಾ. ಒಂದು ಕೆಲಸ ಹೋಯಿತು, ಎರಡು ಸೃಷ್ಟಿಯಾದವು.

ಸಂಜೆ ರೂಮಿ ಬಟ್ಟೆ ಮಡಚುತ್ತ ಇದ್ದಕ್ಕಿದ್ದಂತೆ ಮಾತಾಡಿದಳು.

"ಪಾಪ ಅಂದ್ರಲ್ಲ, ಅಲ್ಲಿಗೇ ಬಿಟ್ಟಿದ್ರೆ ಆಗ್ತಿತ್ತು."

"ಗೊತ್ತು."

"ಬಿಟ್ಟಿದ್ರೆ ನಾನೂ ಇಷ್ಟೊತ್ತಿಗೆ ಸರಿ ಹೋಗ್ಲಿ ಅಂತಿದ್ದೆ. ಕ್ಷಮಿಸೋಕೆ ಸುಲಭ ಇರ್ತಿತ್ತು." ಒಂದು ಅಂಗಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. "ಈಗ ಕಷ್ಟ ಮಾಡಿಟ್ಟೆ ನೋಡು. ನಂಗೆ ಸ್ವಲ್ಪ ದಿನ ಬೇಕು ಕಣೇ."

"ಎಷ್ಟು ದಿನ?" ಎಂದೆ, ದಡ್ಡಿಯಂತೆ.

"ಲೈಟ್ ಆರಿಸ್ಲಾ?" ಎಂದಳು. ಆಗ ಗಂಟೆ ಆರೂ ಆಗಿರಲಿಲ್ಲ.

ಸೆಪ್ಟೆಂಬರ್ 19, ಗುರುವಾರ

ವಿಶೇಷವೇನಿಲ್ಲ. ಅಮ್ಮನ ಫೋನ್ ಬಂದಿತ್ತು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಒಂದು ಸಣ್ಣ ಪ್ರಸಂಗ, ಬರೆಯುವಂಥದ್ದೇನಲ್ಲ, ಆದರೂ.

ಒಬ್ಬಳೇ ಕೂತು ಬ್ರೆಡ್ ತಿನ್ನುತ್ತಿದ್ದೆ. ಪಕ್ಕದ ಟೇಬಲ್ಲಿಗೆ ಕ್ಯಾಪ್ಟನ್ ತನ್ನ ಸೈನ್ಯದ ಜೊತೆ ಬಂದ. ಹೊಸದಾಗಿ ಸೇರಿಸಿಕೊಂಡ ಇಬ್ಬರು ಹುಡುಗಿಯರೂ ಇದ್ದರು, ಇಬ್ಬರ ಕೊರಳಲ್ಲೂ ಕ್ಲಬ್ಬಿನ ಹೊಸ ಕಾರ್ಡು. ನನ್ನನ್ನು ನೋಡಿದ್ದೇ ಕ್ಯಾಪ್ಟನ್ ದನಿ ಎತ್ತರಿಸಿದ.

"ಹಾಸ್ಟೆಲ್ಲಲ್ಲಿ ಒಂದು ರೂಮಿದೆ ಗೊತ್ತಾ? ಒಬ್ಳು ಬರೀ ಡೌಟು ಕೇಳ್ತಾಳೆ, ಇನ್ನೊಬ್ಳು ಎಲ್ಲದಕ್ಕೂ ಓಕೆ ಅಂತಾಳೆ. ಪಾಪ, ಆ ರೂಮಿಗೆ ಗಂಡು ಬೇಕಾಗೇ ಇಲ್ಲ!"

ಎಂದಿನ ಅರ್ಧ ಕ್ಷಣ. ಹಳೆಯ ಅಭ್ಯಾಸದಿಂದ ಎಲ್ಲರೂ ತಿರುಗಿ ನೋಡಿದ್ದು ನನ್ನನ್ನೇ. ಹೊಸ ಹುಡುಗಿಯರೂ ಬಾಯಿ ಅರ್ಧ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದರು. ನನ್ನ ಬಾಯಲ್ಲಿ ಬ್ರೆಡ್ ಇತ್ತು. ಅಗಿದು ನುಂಗುವುದು ಸ್ವಲ್ಪ ತಡವಾಯಿತು.

"ಅರ್ಥ ಆಯ್ತಾ?" ಎಂದ ಕ್ಯಾಪ್ಟನ್.

"ಇಲ್ಲ," ಎಂದೆ. ನಿಜವಾಗಿಯೂ ಆಗಿರಲಿಲ್ಲ. "ಗಂಡು ಯಾಕೆ ಬೇಕಾಗಿಲ್ಲ?"

"ಅಂದ್ರೆ... ಹೆಂಡ್ತಿ ಡೌಟ್ ಕೇಳ್ತಾಳೆ, ಗಂಡ ಓಕೆ ಅಂತಾನೆ. ಹಾಗೆ."

"ಹಾಗಾದ್ರೆ ಗಂಡನ ಕೆಲಸ ಅಷ್ಟೇನಾ?"

"ಅಲ್ಲ... ಅದು ಜೋಕು..."

"ಜೋಕು ಅಂತ ಗೊತ್ತಾಯ್ತು. ಅದರಲ್ಲಿ ನಗು ಬರೋದು ಯಾವ ಜಾಗದಲ್ಲಿ?"

ಕ್ಯಾಪ್ಟನ್ ಪಾಪ ಇನ್ನೊಮ್ಮೆ ಮೊದಲಿಂದ ವಿವರಿಸತೊಡಗಿದ. ಕೈಯಿಂದ ಎರಡು ಮಂಚ ತೋರಿಸಿದ. ಮೂರನೇ ಸಲಕ್ಕೆ ಅವನ ಕಿವಿ ಕೆಂಪಾಯಿತು, ಹೊಸ ಹುಡುಗಿಯರಲ್ಲಿ ಒಬ್ಬಳು ಬಾಯಿ ಮುಚ್ಚಿಕೊಂಡು ತಟ್ಟೆ ನೋಡಿದಳು. ನಾನು ಅವನನ್ನು ಗೋಳುಹೊಯ್ದುಕೊಳ್ಳಬೇಕೆಂದು ಕೇಳಿದ್ದಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದು.

ಅಷ್ಟರಲ್ಲಿ ನನ್ನ ಹಿಂದಿನ ಟೇಬಲ್ಲಿನಿಂದ ಯಾರೋ ನಕ್ಕರು. ತಡೆದು ತಡೆದು ಕೊನೆಗೆ ತಡೆಯಲಾಗದೆ ಹೊರಬಿದ್ದ, ತೀರಾ ದಪ್ಪನೆಯ, ಬಾಗಿಲು ತಳ್ಳಿದಂಥ ನಗು. ನಾನು ಹಿಂದೆಂದಾದರೂ ಕೇಳಿದ್ದ ನಗುವಲ್ಲ. ತಿರುಗಿ ನೋಡಿದೆ. ರೂಮಿ.

ಎರಡು ತಿಂಗಳಿಂದ ಒಂದೇ ರೂಮಿನಲ್ಲಿ ಇದ್ದೇವೆ. ನೋಡುವ ತನಕ ಅದು ಅವಳ ನಗು ಎಂದು ನನಗೆ ಗೊತ್ತಾಗಲಿಲ್ಲ.